ಮಹಾಮಾರಿ ಮತ್ತು ಆಶ್ರಿತರ ರಕ್ಷಣೆ: ನಾಶಿಕ–ಸಂಭಾಜಿನಗರ ಪ್ರಾಂತದ ಇತಿಹಾಸದಿಂದ ಕೆಲವು ಪುಟಗಳು

ಡಿಪ್ಲೊಮಾ ಮುಗಿಸಿ ರೈಲ್ವೆಯ ಸಿಗ್ನಲ್ ವಿಭಾಗವನ್ನು ಸೇರಿದ ಹೊಸದರಲ್ಲಿ ನಮಗೆ ಕಲಿಸಲಾದ ಮೊದಲ ಪಾಠವೊಂದಿದೆ. ಹಳೆಯ ಕಾಲದ ಕೈಮರವು ಒಂದು ಉದ್ದನೆಯ ತಂತಿಯ ಎಳೆತದಿಂದ ಕೆಳಗಿಳಿದು ಗಾಡಿಗೆ ದಾರಿ ಕೊಡುತ್ತಿತ್ತು. ಆ ತಂತಿ ಕಡಿದರೆ ಏನಾಗಬೇಕು? ಕೈಮರಕ್ಕೆ ಕಟ್ಟಿದ ಪ್ರತಿಭಾರವು ಅದನ್ನು ತಾನಾಗಿಯೇ ಅಡ್ಡಕ್ಕೆ ತಂದು ನಿಲ್ಲಿಸಬೇಕು. ಬ್ರೇಕಿನ ಪೈಪು ಹರಿದರೆ ಗಾಡಿಯು ತಾನಾಗಿಯೇ ನಿಲ್ಲಬೇಕು. ಅಂದರೆ, ಯಾವುದನ್ನು ನಂಬಿ ಮನುಷ್ಯನ ಪ್ರಾಣವು ಇದೆಯೋ ಅದು ಕೆಟ್ಟಾಗಲೂ ಪ್ರಾಣವು ಉಳಿಯುವಂತೆ ಮೊದಲೇ ಏರ್ಪಾಡು ಮಾಡಿರಬೇಕು. ಮೂರೂವರೆ ದಶಕಗಳ ಕಾಲ ಈ ಪಾಠವನ್ನು ಕಬ್ಬಿಣ ಮತ್ತು ತಂತಿಗಳ ವಿಷಯದಲ್ಲಿ ಮಾತ್ರ ಅನ್ವಯಿಸುತ್ತಿದ್ದೆನು. ೨೦೨೧ರ ಏಪ್ರಿಲ್ ತಿಂಗಳಿನಲ್ಲಿ ಅದು ನನ್ನ ಮನೆಯ ಮಂಚದ ಪಕ್ಕಕ್ಕೆ ಬಂದು ನಿಂತಿತು.

ವೃದ್ಧರು, ರೋಗಿಗಳು, ಹಾಸಿಗೆ ಹಿಡಿದವರು ಅನ್ಯರ ಕೈಯ ಆಸರೆಯಲ್ಲಿ ಬದುಕುವವರು. ಮಹಾಮಾರಿಯು ಬಂದಾಗ ಅವರ ಮೇಲೆ ಬೀಳುವ ಪೆಟ್ಟು ಎರಡು. ಮೊದಲನೆಯದು ರೋಗದ್ದು, ಎರಡನೆಯದು ಆಸರೆಯ ಕೈ ತಪ್ಪಿಹೋಗುವುದು. ಇತಿಹಾಸದ ಪುಟಗಳಲ್ಲಿ ಮೊದಲನೆಯದರ ಲೆಕ್ಕವು ದೊರೆಯುತ್ತದೆ. ಎರಡನೆಯದು ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಮಾತ್ರ ಕಾಣುತ್ತದೆ. ನಾವು ನೆಲೆಸಿರುವ ಈ ನಾಶಿಕ ಮತ್ತು ಛತ್ರಪತಿ ಸಂಭಾಜಿನಗರಗಳ ಪ್ರಾಂತದಲ್ಲಿ ಅಂತಹ ಸಾಲುಗಳನ್ನು ಹುಡುಕಿ ಒಂದೆಡೆ ಇಡುವುದೇ ಈ ಲೇಖನದ ಉದ್ದೇಶ.

ಮೊಗಲರ ದಂಡಿನಲ್ಲಿ

೨೦೨೩ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಸಂಭಾಜಿನಗರಕ್ಕೂ ನಮ್ಮ ವಿಜಯಪುರಕ್ಕೂ ಒಂದು ಶೋಕದ ನಂಟಿದೆ. ೧೬೮೮ರಲ್ಲಿ ಔರಂಗಜೇಬನ ದಂಡು ವಿಜಯಪುರದಲ್ಲಿ ಬೀಡುಬಿಟ್ಟಿದ್ದಾಗ ಪ್ಲೇಗು ಎರಗಿತು. ಬಾದಶಹನ ಪತ್ನಿ ಔರಂಗಾಬಾದಿ ಮಹಲ್ ಅಲ್ಲಿಯೇ ತೀರಿಕೊಂಡಳು. ಹೈದರಾಬಾದಿನ ಮೊದಲ ನಿಜಾಮನ ತಂದೆಯಾದ ಸೇನಾಪತಿ ಫಿರೋಜ್ ಜಂಗನು ಬದುಕಿ ಉಳಿದನಾದರೂ ಎರಡೂ ಕಣ್ಣುಗಳನ್ನು ಕಳೆದುಕೊಂಡನು. ಕುರುಡನಾದ ಮೇಲೆಯೂ ಅವನ ಪದವಿಯು ಹೋಗಲಿಲ್ಲ. ಮುಂದೆ ಎರಡು ದಶಕಗಳ ಕಾಲ ಬಾಳಿ, ಗುಜರಾತಿನ ಸುಬೇದಾರನಾಗಿದ್ದಾಗ ೧೭೧೦ರಲ್ಲಿ ಮೃತನಾದನು. ಕೈಹಿಡಿದು ನಡೆಸುವವರು ಇದ್ದುದರಿಂದ ಸೇನಾಪತಿಗೆ ಇದು ಸಾಧ್ಯವಾಯಿತು. ಅದೇ ದಂಡಿನಲ್ಲಿ ಅದೇ ರೋಗದಿಂದ ಕಂಗೆಟ್ಟ ಸಾಮಾನ್ಯ ಸಿಪಾಯಿಯ ಕೈಯನ್ನು ಯಾರು ಹಿಡಿದರೆಂಬುದನ್ನು ಬರೆದಿಡಬೇಕೆಂದು ಯಾರಿಗೂ ತೋರಲಿಲ್ಲ.

ರೈಲಿನೊಡನೆ ಬಂದ ಪ್ಲೇಗು

೧೮೬೫ರಲ್ಲಿ ಕಸಾರಾ–ಇಗತ್‌ಪುರಿ ಘಾಟಿನ ರೈಲುಮಾರ್ಗವು ತೆರೆದ ಮೇಲೆ ಮುಂಬಯಿಗೂ ನಾಶಿಕಕ್ಕೂ ನಡುವಿನ ದಾರಿ ಕೆಲವೇ ಗಂಟೆಗಳದಾಯಿತು. ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಅವರು ಪ್ಲೇಗನ್ನು ಗುರುತಿಸಿದರು. ಹೆದರಿ ಊರು ಬಿಟ್ಟ ಜನರೊಡನೆ, ಧಾನ್ಯದ ಮೂಟೆಗಳೊಡನೆ, ಇಲಿ ಚಿಗಟಗಳೊಡನೆ ರೋಗವೂ ಗಾಡಿ ಹತ್ತಿತು. ನಾವು ಹಾಕಿದ ಹಳಿಯ ಮೇಲೆ ಮಾರಿಯೂ ಸಂಚರಿಸಿತೆಂಬುದನ್ನು ರೈಲ್ವೆಯವನಾದ ನಾನು ಒಪ್ಪಿಕೊಳ್ಳಲೇಬೇಕು.

೧೮೯೭ರ ಫೆಬ್ರುವರಿಯಲ್ಲಿ ಸರ್ಕಾರವು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. ನಾಲ್ಕೇ ಪ್ರಕರಣಗಳ ಆ ಪುಟ್ಟ ಕಾಯಿದೆಯು ಅಧಿಕಾರಿಗಳಿಗೆ ಅಪಾರವಾದ ಅಧಿಕಾರವನ್ನು ಕೊಟ್ಟಿತು. ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ಮನೆಗಳ ಶೋಧ, ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಬೇರೆ ಶಿಬಿರಕ್ಕೂ ಸಾಗಿಸುವುದು ಇವೆಲ್ಲವೂ ನಡೆದುವು. ಪುಣೆಯಲ್ಲಿ ಸೈನಿಕರನ್ನು ಮನೆಗಳೊಳಗೆ ನುಗ್ಗಿಸಿದ್ದರಿಂದ ಜನರು ರೊಚ್ಚಿಗೆದ್ದುದೂ, ೧೮೯೭ರ ಜೂನ್ ೨೨ರಂದು ಪ್ಲೇಗ್ ಕಮಿಷನರ್ ರ್‍ಯಾಂಡ್ ಗುಂಡಿಗೆ ಗುರಿಯಾದುದೂ ಎಲ್ಲರಿಗೂ ತಿಳಿದ ಸಂಗತಿ. ಆದರೆ ಜನರ ಭಯದ ತಿರುಳು ಏನೆಂಬುದನ್ನು ಗಮನಿಸಬೇಕು. ರೋಗಿಯನ್ನು ಒಯ್ಯುತ್ತಾರೆಂಬುದಕ್ಕಿಂತ, ಒಯ್ದ ಮೇಲೆ ಅವನ ಬಾಯಿಗೆ ನೀರು ಬಿಡುವವರು ಯಾರೆಂಬುದೇ ದೊಡ್ಡ ಭಯವಾಗಿತ್ತು. ಆಯಾ ಸಮಾಜದವರೇ ನಡೆಸುವ ಆಸ್ಪತ್ರೆಗಳಿಗೆ ಅವಕಾಶವಾದಾಗ, ಮೊದಲು ರೋಗಿಗಳನ್ನು ಬಚ್ಚಿಡುತ್ತಿದ್ದ ಜನರು ತಾವಾಗಿಯೇ ಅವರನ್ನು ಕರೆತರಲು ಒಪ್ಪತೊಡಗಿದರು.

ಆರೈಕೆ ಮಾಡುವವನೇ ರೋಗಕ್ಕೆ ಮೊದಲ ತುತ್ತಾಗುವನೆಂಬುದಕ್ಕೂ ಆ ಕಾಲದಲ್ಲಿ ನಿದರ್ಶನಗಳಿವೆ. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ತಮ್ಮ ಅರವತ್ತಾರನೆಯ ವಯಸ್ಸಿನಲ್ಲಿ, ರೋಗಪೀಡಿತನಾದ ಬಾಲಕನೊಬ್ಬನನ್ನು ಹೊತ್ತು ಮಗ ಯಶವಂತರಾಯರ ಚಿಕಿತ್ಸಾಲಯಕ್ಕೆ ಮುಟ್ಟಿಸಿದರು. ಬಾಲಕನು ಬದುಕಿದನು; ರೋಗವು ತಗುಲಿದ ಸಾವಿತ್ರಿಬಾಯಿಯವರು ೧೮೯೭ರ ಮಾರ್ಚ್ ೧೦ರಂದು ತೀರಿಕೊಂಡರು. ನಾಶಿಕದ ಸಮೀಪದ ಭಗೂರಿನಲ್ಲಿ ೧೮೯೯ರಲ್ಲಿ ದಾಮೋದರಪಂತ ಸಾವರಕರರು ಪ್ಲೇಗಿಗೆ ಬಲಿಯಾದರು. ಅವರ ಕಿರಿಯ ಮಗ ನಾರಾಯಣನನ್ನು ನಾಶಿಕದ ಪ್ಲೇಗ್ ಆಸ್ಪತ್ರೆಗೆ ಸೇರಿಸಿದಾಗ ಶುಶ್ರೂಷೆಗೆ ನಿಂತವನು ಹಿರಿಯಣ್ಣ ಗಣೇಶ. ಅವನಿಗೂ ರೋಗವು ತಗುಲಿತು. ದೈವವಶಾತ್ ಇಬ್ಬರೂ ಗುಣಮುಖರಾದರು. ನಡುವಿನವನಾದ ವಿನಾಯಕನೇ ಮುಂದೆ ಪ್ರಸಿದ್ಧರಾದ ಸಾವರಕರರು. ಮುಂದಿನ ಇತಿಹಾಸದ ವಿಷಯದಲ್ಲಿ ಯಾರ ಅಭಿಪ್ರಾಯವು ಏನೇ ಇರಲಿ, ತಮ್ಮನ ಹಾಸಿಗೆಯ ಪಕ್ಕದಲ್ಲಿ ಕುಳಿತ ಅಣ್ಣನ ಆ ಚಿತ್ರವು ಎಲ್ಲರ ಮನೆಯದೂ ಹೌದು.

ಅಜ್ಜಿ ಹೇಳಿದ್ದು

ಮುಂಬಯಿ ಪ್ರಾಂತದ ಇನ್ನೊಂದು ತುದಿಯಾದ ನಮ್ಮ ಧಾರವಾಡ ಜಿಲ್ಲೆಗೂ ಅದೇ ಪ್ಲೇಗು ಬಂದಿತು. ೧೮೯೮ರಲ್ಲಿ ಹುಬ್ಬಳ್ಳಿಯು ತತ್ತರಿಸಿದಾಗ, ಹಾಫ್‌ಕಿನ್ ಅವರು ಮುಂಬಯಿಯಲ್ಲಿ ಸಿದ್ಧಪಡಿಸಿದ್ದ ಲಸಿಕೆಯನ್ನು ಅಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿದ ಜನರಿಗೆ ಹಾಕಲಾಯಿತು. ಆದರೆ ಹಳ್ಳಿಗಳ ಜನರಿಗೆ ಗೊತ್ತಿದ್ದ ಉಪಾಯವು ಒಂದೇ: ಇಲಿ ಬಿದ್ದೊಡನೆ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುವುದು.

ನಮ್ಮ ತಂದೆಯವರ ತಾಯಿ ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ಹೀಗೆಯೇ ಊರು ಖಾಲಿಯಾಯಿತಂತೆ. ಮನೆಯಲ್ಲಿ ಮಡಿ ಹೆಂಗಸಾದ ಸೋದರತ್ತೆಯೊಬ್ಬರಿದ್ದರು. ಸೊಂಟ ಬಿದ್ದು ವರ್ಷಗಳಾಗಿದ್ದುವು. ಚಕ್ಕಡಿಯಲ್ಲಿ ಮಲಗಿಸಿ ಒಯ್ಯಲು ಹೊರಟರೆ ಆಕೆ ಒಪ್ಪಲಿಲ್ಲ: "ನನ್ನನ್ನು ಇಲ್ಲಿಯೇ ಬಿಡಿರಿ, ಮಕ್ಕಳನ್ನು ಉಳಿಸಿಕೊಳ್ಳಿರಿ" ಎಂದರಂತೆ. ಮನೆಯವರು ನಡುಮನೆಯಲ್ಲಿ ನೀರು, ಅವಲಕ್ಕಿ, ಹುರಿಹಿಟ್ಟು ಇಟ್ಟು ಹೋದರು. ಮೂರು ವಾರಗಳಾದ ಮೇಲೆ ಹಿರಿಯರು ಮನಸ್ಸನ್ನು ಗಟ್ಟಿ ಮಾಡಿಕೊಂಡು ಬಾಗಿಲು ತೆರೆದರೆ ಆಕೆ ಜಪಸರ ಹಿಡಿದು ಕುಳಿತಿದ್ದರು. ಕಾವಲಿಗೆಂದು ಊರಲ್ಲಿಯೇ ಉಳಿದಿದ್ದ ವಾಲೀಕಾರನು ದಿನವೂ ಬೆಳಿಗ್ಗೆ ಬಾವಿಯ ನೀರನ್ನು ತಂದಿಟ್ಟು, ಬಾಗಿಲ ಹೊರಗಿನಿಂದ "ಅವ್ವಾ, ಅದೀರೇನು?" ಎಂದು ಕೇಳಿ ಉತ್ತರ ಬಂದ ಮೇಲೆಯೇ ಹೋಗುತ್ತಿದ್ದನಂತೆ. ಮುಂದೆ ಮಡಿಯ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲವೆಂದೂ, ಪ್ರತಿ ಯುಗಾದಿಗೆ ಅವನಿಗೆ ಧೋತರದ ಜೋಡಿಯನ್ನು ಕೊಡುತ್ತಿದ್ದರೆಂದೂ ಅಜ್ಜಿಯು ಹೇಳುತ್ತಿದ್ದರು. ಬಾಲ್ಯದಲ್ಲಿ ಈ ಕಥೆಯನ್ನು ಕೇಳಿದಾಗ ಸೋದರತ್ತೆಯ ಧೈರ್ಯಕ್ಕೆ ಬೆರಗಾಗುತ್ತಿದ್ದೆನು. ಈಗ ಆ ವಾಲೀಕಾರನ ಪ್ರಶ್ನೆಯೇ ಕಿವಿಯಲ್ಲಿ ಉಳಿದಿದೆ.

ಆಸರೆಯೇ ಮುರಿದ ವರ್ಷ

೧೯೧೮ರ ಜೂನಿನಲ್ಲಿ ಮುಂಬಯಿ ಬಂದರಿನಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಜ್ವರವು ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಉಗ್ರರೂಪವನ್ನು ತಾಳಿ ರೈಲುಮಾರ್ಗಗಳ ಗುಂಟ ದೇಶವನ್ನೆಲ್ಲ ವ್ಯಾಪಿಸಿತು. ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಅಳಿದರೆಂಬುದು ವಿದ್ವಾಂಸರ ಅಂದಾಜು. ೧೯೧೧ರಿಂದ ೧೯೨೧ರ ವರೆಗಿನ ದಶಕದಲ್ಲಿ ದೇಶದ ಜನಸಂಖ್ಯೆಯು ಬೆಳೆಯದೆ ಇಳಿಯಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು.

ಆ ಜ್ವರದ ಒಂದು ಲಕ್ಷಣವು ವಿಚಿತ್ರವಾಗಿತ್ತು. ಅದು ಹೆಚ್ಚಾಗಿ ಕೊಂದದ್ದು ಇಪ್ಪತ್ತರಿಂದ ನಲವತ್ತರ ಪ್ರಾಯದವರನ್ನು. ಅಂದರೆ, ದುಡಿದು ತರುವವನನ್ನೂ, ಅಡಿಗೆ ಮಾಡಿ ಬಡಿಸುವವಳನ್ನೂ. ಅದೆಷ್ಟೋ ಮನೆಗಳಲ್ಲಿ ವೃದ್ಧರು ಉಳಿದರು, ಮೊಮ್ಮಕ್ಕಳು ಉಳಿದರು. ನಡುವಿನ ತಲೆಮಾರು ಇಲ್ಲವಾಯಿತು. ರೋಗದಿಂದ ಪಾರಾದ ಮುದುಕನು ಹಸಿವಿನಿಂದ ಸತ್ತರೆ ಅದನ್ನು ಯಾವ ಲೆಕ್ಕಕ್ಕೆ ಬರೆಯಬೇಕು? ಆಶ್ರಿತರನ್ನು ಕಾಯುವುದೆಂದರೆ ಅವರನ್ನು ಕಾಯುವವರನ್ನು ಕಾಯುವುದು ಎಂಬ ಪಾಠವನ್ನು ೧೯೧೮ರಷ್ಟು ಕಠೋರವಾಗಿ ಬೇರಾವ ವರ್ಷವೂ ಕಲಿಸಲಿಲ್ಲ.

ನೂರು ವರ್ಷಗಳ ತರುವಾಯ

ಕೋವಿಡ್ ಇದಕ್ಕೆ ವಿರುದ್ಧವಾಗಿ ವೃದ್ಧರನ್ನೇ ಹೆಚ್ಚಾಗಿ ಆರಿಸಿಕೊಂಡಿತು. ೨೦೨೦ರ ಮಾರ್ಚಿನಲ್ಲಿ ಮಹಾರಾಷ್ಟ್ರ ಸರ್ಕಾರವು ೧೮೯೭ರ ಅದೇ ಕಾಯಿದೆಯನ್ನು ಹೊರತೆಗೆಯಿತು. ಏಪ್ರಿಲ್ ೨೨ರಂದು ಕೇಂದ್ರ ಸರ್ಕಾರವು ಅದಕ್ಕೆ ತಿದ್ದುಪಡಿಯನ್ನು ತಂದು, ವೈದ್ಯರು ದಾದಿಯರು ಮೊದಲಾದವರ ಮೇಲೆ ಕೈಮಾಡುವುದನ್ನು ಶಿಕ್ಷಾರ್ಹವೆಂದು ಘೋಷಿಸಿತು. ಅಧಿಕಾರಿಗಳ ರಕ್ಷಣೆಗೆಂದು ಹುಟ್ಟಿದ ಕಾಯಿದೆಯು ಶುಶ್ರೂಷಕರ ರಕ್ಷಣೆಗೆ ಒದಗಲು ೧೨೩ ವರ್ಷಗಳು ಬೇಕಾದುವು.

ವೃದ್ಧರು ಮನೆಯಿಂದ ಹೊರಬರಬಾರದೆಂದು ಸೂಚನೆಗಳು ಬಂದುವು. ವೃದ್ಧಾಶ್ರಮಗಳ ಬಾಗಿಲುಗಳು ಸಂದರ್ಶಕರಿಗೆ ಮುಚ್ಚಿದುವು. ಅನವಶ್ಯಕ ಪ್ರಯಾಣವನ್ನು ತಡೆಯಲೆಂದು ೨೦೨೦ರ ಮಾರ್ಚ್ ೨೦ರಿಂದ ಹಿರಿಯ ನಾಗರಿಕರ ರೈಲು ರಿಯಾಯಿತಿಯನ್ನು ನಿಲ್ಲಿಸಲಾಯಿತು. ಗಾಡಿಗಳೆಲ್ಲ ಯಥಾಪ್ರಕಾರ ಓಡತೊಡಗಿದ ಮೇಲೂ ಅದು ಮರಳಲಿಲ್ಲವೆಂಬುದನ್ನು ನನ್ನ ವಯಸ್ಸಿನ ವಾಚಕರು ಮರೆತಿರಲಾರರು. ಬಾಗಿಲು ಮುಚ್ಚುವುದು ಅಗತ್ಯವಾಗಿತ್ತು, ನಿಜ. ಆದರೆ ಮುಚ್ಚಿದ ಬಾಗಿಲಿನ ಒಳಗೆ ಯಾರಿದ್ದಾರೆಂಬುದೇ ಮುಖ್ಯ ಪ್ರಶ್ನೆ. ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಡೊರ್ವಾಲ್ ಎಂಬ ಊರಿನ ಒಂದು ಖಾಸಗಿ ವೃದ್ಧಾಶ್ರಮದಲ್ಲಿ ೨೦೨೦ರ ವಸಂತದಲ್ಲಿ ಬಹುಪಾಲು ಸಿಬ್ಬಂದಿಯು ಕೆಲಸ ಬಿಟ್ಟುಹೋಗಿ, ವೃದ್ಧರು ಅನ್ನ ನೀರುಗಳಿಲ್ಲದೆ ಮಲಗಿದ್ದುದು ಬಯಲಿಗೆ ಬಂದಿತು. ಸ್ಪೇನ್ ದೇಶದಲ್ಲಿ ಆಶ್ರಮಗಳನ್ನು ಶುದ್ಧಗೊಳಿಸಲು ಹೋದ ಸೈನಿಕರು, ತ್ಯಜಿಸಲ್ಪಟ್ಟ ವೃದ್ಧರನ್ನೂ ಹಾಸಿಗೆಯಲ್ಲಿಯೇ ಸತ್ತಿದ್ದವರನ್ನೂ ಕಂಡರು. ಅಷ್ಟೊಂದು ಸಂಪತ್ತುಳ್ಳ ದೇಶಗಳಲ್ಲಿಯೂ ತಂತಿ ಕಡಿದಾಗ ಕೈಮರವು ಅಡ್ಡಕ್ಕೆ ಬರಲಿಲ್ಲ.

ನಾಶಿಕದ ನಾಲ್ಕು ದಿನಗಳು

ಎರಡನೆಯ ಅಲೆಯು ೨೦೨೧ರ ಏಪ್ರಿಲಿನಲ್ಲಿ ನಾಶಿಕವನ್ನು ಹಣ್ಣು ಮಾಡಿತು. ಏಪ್ರಿಲ್ ೨೧ರಂದು ಇಲ್ಲಿಯ ಮಹಾನಗರಪಾಲಿಕೆಯ ಡಾ. ಜಾಕಿರ್ ಹುಸೇನ್ ಆಸ್ಪತ್ರೆಯಲ್ಲಿ ದ್ರವ ಆಮ್ಲಜನಕದ ತೊಟ್ಟಿಯು ಸೋರತೊಡಗಿತು. ಅಂಗಳದ ತುಂಬ ಬಿಳಿಯ ಹಬೆ ಕವಿಯಿತು. ಸೋರಿಕೆಯನ್ನು ಸರಿಪಡಿಸುವಷ್ಟರಲ್ಲಿ ವಾರ್ಡುಗಳ ಕೊಳವೆಗಳಲ್ಲಿ ಒತ್ತಡವು ಕುಸಿದಿತ್ತು. ಆಮ್ಲಜನಕವನ್ನೇ ನಂಬಿದ್ದ ೨೨ ರೋಗಿಗಳು ಆ ದಿನವೇ ಪ್ರಾಣ ಬಿಟ್ಟರು. ಯಾರ ತಪ್ಪು ಎಂಬುದನ್ನು ವಿಚಾರಿಸುವುದು ಈ ಲೇಖನದ ಕೆಲಸವಲ್ಲ. ಆದರೆ ಪೂರೈಕೆಯು ಮುರಿದ ಆ ಕೆಲವು ನಿಮಿಷಗಳು ಎಂತಹವೆಂಬುದನ್ನು ಯಂತ್ರಗಳೊಡನೆ ಬಾಳಿದವರೆಲ್ಲರೂ ಬಲ್ಲರು. ರೋಗದ ಎದುರಿಗೆ ದಿನಗಟ್ಟಲೆ ಸೆಣಸಿದವರು ಒಂದು ಜೋಡಣೆಯ ಎದುರಿಗೆ ಸೋತರು.

ಅದೇ ಹೊತ್ತಿಗೆ ಹಳಿಯ ಮೇಲೆ ಇನ್ನೊಂದು ಕೆಲಸವು ನಡೆದಿತ್ತು. ಏಪ್ರಿಲ್ ೧೯ರಂದು ಕಳಂಬೋಲಿಯಿಂದ ಏಳು ಖಾಲಿ ಟ್ಯಾಂಕರ್ ಲಾರಿಗಳನ್ನು ಹೊತ್ತು ದೇಶದ ಮೊದಲ ಆಕ್ಸಿಜನ್ ಎಕ್ಸ್‌ಪ್ರೆಸ್ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯತ್ತ ಹೊರಟಿತು. ಹೇಳಿದಷ್ಟು ಸುಲಭದ ಕೆಲಸವಲ್ಲ ಅದು. ಚಪ್ಪಟೆ ವ್ಯಾಗನಿನ ಎತ್ತರ ೧,೨೯೦ ಮಿಲಿಮೀಟರ್. ಅದರ ಮೇಲೆ ನಿಲ್ಲುವ ಲಾರಿಯ ಎತ್ತರ ೩,೩೨೦ ಮಿಲಿಮೀಟರ್. ಒಟ್ಟು ೪,೬೧೦. ಅಷ್ಟು ಎತ್ತರದ ಹೊರೆಯು ಸೇತುವೆ, ಸುರಂಗ, ನಿಲ್ದಾಣದ ಮಾಡು, ಮೇಲಿನ ವಿದ್ಯುತ್ ತಂತಿ ಇವುಗಳಲ್ಲಿ ಯಾವುದಕ್ಕೂ ತಗುಲಬಾರದು. ಲಾರಿಗಳ ಹಲವು ಮಾದರಿಗಳನ್ನು ಅಳೆದು ಒಂದನ್ನು ಆರಿಸಲಾಯಿತು. ಘಾಟಿನ ಹತ್ತಿರದ ದಾರಿಯನ್ನು ಬಿಟ್ಟು ವಸಯಿಯ ಬಳಸುದಾರಿಯನ್ನು ಹಿಡಿಯಲಾಯಿತು. ಅತಿಶೀತಲ ದ್ರವವಾದ್ದರಿಂದ ಹಠಾತ್ತಾಗಿ ವೇಗ ಹೆಚ್ಚಿಸುವಂತಿರಲಿಲ್ಲ, ತಗ್ಗಿಸುವಂತೆಯೂ ಇರಲಿಲ್ಲ. ನೂರು ಟನ್ನಿಗೂ ಹೆಚ್ಚು ಆಮ್ಲಜನಕವನ್ನು ತುಂಬಿಕೊಂಡು ಮರಳಿದ ಗಾಡಿಯು ನಾಗಪುರದಲ್ಲಿ ಮೂರು ಟ್ಯಾಂಕರ್‌ಗಳನ್ನು ಇಳಿಸಿ, ಉಳಿದ ನಾಲ್ಕನ್ನು ಹನ್ನೆರಡೇ ಗಂಟೆಗಳಲ್ಲಿ ನಾಶಿಕಕ್ಕೆ ತಂದಿತು. ಅದು ಏಪ್ರಿಲ್ ೨೪ರ ಬೆಳಿಗ್ಗೆ. ೧೮೯೬ರಲ್ಲಿ ಮಾರಿಯನ್ನು ತಂದ ಹಳಿಯ ಮೇಲೆ ೨೦೨೧ರಲ್ಲಿ ಉಸಿರು ಬಂದಿತು.

ಆ ಬೆಳಿಗ್ಗೆ ನಮ್ಮ ಮನೆಯ ಬಾಗಿಲ ಹೊರಗಿನಿಂದ ಪಕ್ಕದ ಮನೆಯ ಹುಡುಗನು, "ಕಾಕಾ, ತುಮಚೀ ಗಾಡೀ ಆಲೀ" ಎಂದು ಕೂಗಿ ಹೇಳಿದನು. ನಿಮ್ಮ ಗಾಡಿ ಬಂದಿತು ಎಂದು. ಅವನು ಬಾಗಿಲ ಹೊರಗೇ ಏಕೆ ನಿಂತಿದ್ದನೆಂಬುದನ್ನು ಈಗ ಹೇಳಬೇಕು.

ಎರಡನೆಯ ಮನುಷ್ಯ

ನಮ್ಮ ತಾಯಿಗೆ ಆಗ ಎಂಬತ್ತೇಳು ವರ್ಷ. ಎರಡು ವರ್ಷಗಳಿಂದ ಹಾಸಿಗೆ ಹಿಡಿದಿದ್ದರು. ಮಾರ್ಚ್ ಒಂದರಿಂದಲೇ ಅರವತ್ತು ದಾಟಿದವರಿಗೆ ಲಸಿಕೆಯು ಆರಂಭವಾಗಿದ್ದರೂ ಕೇಂದ್ರಕ್ಕೆ ಹೋಗಿಯೇ ಹಾಕಿಸಿಕೊಳ್ಳಬೇಕಾಗಿತ್ತು. ಕೂಡಲಾರದವರನ್ನು ಕರೆದೊಯ್ಯುವುದು ಹೇಗೆ? ಯಾರಿಗೆ ಲಸಿಕೆಯು ಎಲ್ಲರಿಗಿಂತ ಮೊದಲು ಬೇಕಾಗಿತ್ತೋ ಅವರಿಗೇ ಅದು ಎಟುಕಲಿಲ್ಲ. ಈ ವಿಷಯವು ಮುಂಬಯಿ ಉಚ್ಚ ನ್ಯಾಯಾಲಯದ ವರೆಗೂ ಹೋಗಿ, ಮನೆಗೇ ಬಂದು ಲಸಿಕೆ ಹಾಕುವ ಕ್ರಮವು ಮುಂಬಯಿಯಲ್ಲಿ ಆಗಸ್ಟ್ ವೇಳೆಗೆ ಆರಂಭವಾಯಿತು. ಸೆಪ್ಟೆಂಬರಿನಲ್ಲಿ ಇಡೀ ದೇಶಕ್ಕೆ ಅನುಮತಿ ದೊರೆಯಿತು. ಅಷ್ಟರಲ್ಲಿ ಎರಡನೆಯ ಅಲೆಯು ಬಂದು ಹೋಗಿತ್ತು.

ಏಪ್ರಿಲ್ ಮಧ್ಯದಲ್ಲಿ ಮೂವರಿಗೂ ಜ್ವರ ಬಂದಿತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲಿಲ್ಲ. ವೈದ್ಯರೊಬ್ಬರ ಸಲಹೆಯಂತೆ ತಾಯಿಗೆ ಮನೆಯಲ್ಲಿಯೇ ಆಮ್ಲಜನಕದ ಯಂತ್ರವನ್ನು ಹೊಂದಿಸಿದೆವು. ಅದು ವಿದ್ಯುತ್ತಿನಿಂದ ನಡೆಯುವಂಥದು. ಸಿಗ್ನಲ್ ವಿಭಾಗದವನಲ್ಲವೇ, ವಿದ್ಯುತ್ತು ಹೋದರೆ ಬೇಕಾಗುವುದೆಂದು ಸಣ್ಣ ಸಿಲಿಂಡರ್ ಒಂದನ್ನೂ ಸಂಪಾದಿಸಿ ಮಂಚದ ಬಳಿ ಇರಿಸಿದ್ದೆನು. ಎರಡು ಏರ್ಪಾಡುಗಳಾದುವೆಂದು ಸಮಾಧಾನಪಟ್ಟೆನು. ಒಂದು ರಾತ್ರಿ ಎರಡು ಗಂಟೆಯ ಸುಮಾರಿಗೆ ವಿದ್ಯುತ್ತು ಹೋಯಿತು. ಯಂತ್ರವು ಎಚ್ಚರಿಕೆಯ ಸದ್ದು ಮಾಡಿರಬೇಕು. ಜ್ವರದ ಮಂಪರಿನಲ್ಲಿದ್ದ ನನಗೂ ನನ್ನ ಪತ್ನಿಗೂ ಅದು ಕೇಳಿಸಲಿಲ್ಲ. ಎಚ್ಚರವಾದದ್ದು ಬಾಗಿಲನ್ನು ಯಾರೋ ಬಲವಾಗಿ ಬಡಿದಾಗ. "ರಾತ್ರಿ ಲೈಟು ಹೋದರೆ ಕಾಕಾನ ಬಾಗಿಲು ಬಡಿಯಬೇಕು" ಎಂದು ಪಕ್ಕದ ಮನೆಯ ತಾಯಿಯು ತನ್ನ ಮಗನಿಗೆ ಹೇಳಿಟ್ಟಿದ್ದಳಂತೆ. ನಾನು ಆಕೆಗೆ ಅದನ್ನು ಹೇಳಿರಲಿಲ್ಲ. ತಡವರಿಸುತ್ತ ಎದ್ದು ಸಿಲಿಂಡರನ್ನು ತಿರುವಿದೆನು. ತಾಯಿಯ ತುಟಿಗಳಿಗೆ ಬಣ್ಣವು ಮರಳುವ ವರೆಗೆ ಟಾರ್ಚು ಹಿಡಿದು ನಿಂತೇ ಇದ್ದೆನು.

ಎರಡನೆಯ ಯಂತ್ರವು ನನ್ನ ಬಳಿ ಇದ್ದಿತು. ಎರಡನೆಯ ಮನುಷ್ಯನಿರಲಿಲ್ಲ. ಅವನನ್ನು ಒದಗಿಸಿದವಳು ಆ ನೆರೆಯವಳು. ತಾಯಿಯು ಮುಂದೆ ಎರಡು ವರ್ಷ ನಮ್ಮೊಡನೆ ಇದ್ದು ಶಾಂತವಾಗಿ ತೀರಿಕೊಂಡರು.

ಸಂಭಾಜಿನಗರದ ಪಾಠ

ಮನುಷ್ಯನಿಲ್ಲದ ಯಂತ್ರದ ವಿಷಯದಲ್ಲಿ ಸಂಭಾಜಿನಗರದ ಪ್ರಸಂಗವೊಂದನ್ನು ಹೇಳಲೇಬೇಕು. ೨೦೨೧ರಲ್ಲಿ ಅಲ್ಲಿಯ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಗೆ ೧೫೦ ವೆಂಟಿಲೇಟರ್‌ಗಳು ಬಂದುವು. ೩೭ ಪೆಟ್ಟಿಗೆಯಲ್ಲಿಯೇ ಉಳಿದುವು. ಹೊರತೆಗೆದು ಹಂಚಿದ ೧೧೩ ಯಂತ್ರಗಳು ದೋಷಯುಕ್ತವೆಂಬ ವರದಿಯು ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠದ ಮುಂದೆ ಬಂದಿತು. ಯಂತ್ರಗಳೇ ಕೆಟ್ಟವೆಂದು ಒಂದು ಪಕ್ಷವೂ, ನಡೆಸಲು ಬಾರದೆಂದು ಇನ್ನೊಂದು ಪಕ್ಷವೂ ವಾದಿಸಿದುವು. ವಾದವು ಏನೇ ಇರಲಿ, ಅದು ನಡೆಯುತ್ತಿದ್ದಾಗ ರೋಗಿಯ ಉಸಿರಿಗೆ ಆ ಯಂತ್ರಗಳು ಒದಗಲಿಲ್ಲ. ಯಂತ್ರವನ್ನು ಕಳುಹಿಸುವುದು ಅರ್ಧ ಕೆಲಸ. ಅದನ್ನು ನಿಲ್ಲಿಸಿ, ಪರೀಕ್ಷಿಸಿ, ನಡೆಸಿ, ಕೆಟ್ಟರೆ ಸರಿಪಡಿಸುವ ಕೈಯನ್ನು ಒದಗಿಸುವುದು ಉಳಿದರ್ಧ.

ಅದೇ ವರ್ಷದ ನವೆಂಬರಿನಲ್ಲಿ ಲಸಿಕೆಯಲ್ಲಿ ಜಿಲ್ಲೆಯು ಹಿಂದೆ ಬಿದ್ದುದರಿಂದ, ಒಂದು ಡೋಸನ್ನಾದರೂ ಪಡೆಯದವರಿಗೆ ಪಡಿತರ, ಗ್ಯಾಸು, ಪೆಟ್ರೋಲು ಕೊಡಬಾರದೆಂದು ಜಿಲ್ಲಾಧಿಕಾರಿಗಳು ಆಜ್ಞೆ ಹೊರಡಿಸಿದರು. ಉದ್ದೇಶವು ಒಳ್ಳೆಯದೇ. ಆದರೆ ಪಡಿತರದ ಅಂಗಡಿಯ ವರೆಗೆ ನಡೆಯಲಾರದ ವೃದ್ಧೆಗೆ ಆಜ್ಞೆಗಿಂತ, ಚೀಲ ಹಿಡಿದು ಮನೆಗೆ ಬರುವ ದಾದಿಯೇ ಹೆಚ್ಚು ಬೇಕಾದವಳು.

ಉಪಸಂಹಾರ

ಮೊಗಲರ ದಂಡು, ನಾಶಿಕದ ಪ್ಲೇಗ್ ಆಸ್ಪತ್ರೆ, ಧಾರವಾಡದ ಖಾಲಿಯಾದ ಹಳ್ಳಿ, ೧೯೧೮ರ ಮನೆಗಳು, ೨೦೨೧ರ ವಾರ್ಡುಗಳು: ಈ ಎಲ್ಲೆಡೆಯೂ ಆಶ್ರಿತರು ಉಳಿದದ್ದು ಒಂದು ಕೈ ಸೋತಾಗ ಇನ್ನೊಂದು ಕೈ ಇದ್ದಲ್ಲಿ. ಮಹಾಮಾರಿಗಳು ಮುಗಿದುವೆಂದು ತಿಳಿಯಲು ಇತಿಹಾಸವು ಅವಕಾಶ ಕೊಡುವುದಿಲ್ಲ. ಈ ಊರುಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಹಲವು ಮನೆಗಳ ಮಕ್ಕಳು ಪುಣೆ, ಬೆಂಗಳೂರು, ಅಮೆರಿಕಗಳಲ್ಲಿದ್ದಾರೆ. ಇಲ್ಲಿ ಇಬ್ಬರೇ ವೃದ್ಧರು, ಅಥವಾ ಒಬ್ಬರೇ.

ಆದುದರಿಂದ ನನ್ನದೊಂದು ಸಣ್ಣ ವಿನಂತಿ. ನಮ್ಮ ಶಾಖೆಯಲ್ಲಿ ಪಂಚಾಂಗವನ್ನು ಹಂಚುವುದಕ್ಕೆಂದು ಮನೆಗಳ ಪಟ್ಟಿಯು ಇದ್ದೇ ಇದೆ. ಅದರಲ್ಲಿ ಒಂಟಿಯಾಗಿರುವ ಪ್ರತಿಯೊಬ್ಬ ಹಿರಿಯರ ಹೆಸರಿನ ಮುಂದೆ ಎರಡು ಹೆಸರುಗಳನ್ನು ಬರೆಯೋಣ. ಒಂದು ಸಾಲದು, ಎರಡು. ಎರಡನೆಯದು ನಮ್ಮವರದೇ ಆಗಬೇಕೆಂದಿಲ್ಲ, ಪಕ್ಕದ ಬಾಗಿಲಿನವರದಾದರೆ ಇನ್ನೂ ಉತ್ತಮ. ಅವರು ಮಾಡಬೇಕಾದ ಕೆಲಸವು ದೊಡ್ಡದೇನೂ ಅಲ್ಲ. ಕಷ್ಟದ ದಿನಗಳಲ್ಲಿ ಬೆಳಿಗ್ಗೆ ಒಮ್ಮೆ ಬಾಗಿಲ ಹೊರಗೆ ನಿಂತು ಆ ವಾಲೀಕಾರನಂತೆ ಕೇಳಬೇಕು, ಉತ್ತರ ಬರುವ ವರೆಗೆ ಕಾಯಬೇಕು.